ಮುದ್ರೆ ಮತ್ತು ಮಂದೆ: ಹೊವಾರ್ಡ್ ಹಾಕ್ಸ್ ಅವರ ‘ರೆಡ್ ರಿವರ್’

ಹಾಲಿವುಡ್ಡಿನಲ್ಲಿ ‘ವೆಸ್ಟರ್ನ್’ ಎಂದು ಹೆಸರಾದ ಚಲನಚಿತ್ರ ಪ್ರಕಾರ, ಅಂದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಶ್ಚಿಮ ಸೀಮೆಯ ಬಯಲು, ಕುದುರೆ, ಕೋವಿ, ದನಗಾಹಿ ಮತ್ತು ಹೊಸ ನೆಲೆಗಾರರ ಬದುಕನ್ನು ವಸ್ತುವಾಗಿ ಉಳ್ಳ ಕಥಾಚಿತ್ರಗಳ ಪರಂಪರೆ, ಬೆಂಗಳೂರಿನ ಪ್ರೇಕ್ಷಕರಿಗೆ ಬಹುಕಾಲದಿಂದ ಪರಿಚಿತವಾದದ್ದು. ದಂಡು ಪ್ರದೇಶದ ಪ್ಲಾಜಾ, ರೆಕ್ಸ್, ಗೆಲಾಕ್ಸಿ ಮುಂತಾದ ಚಿತ್ರಮಂದಿರಗಳಲ್ಲಿ ಇಂಗ್ಲಿಷ್ ಚಿತ್ರಗಳನ್ನು ನೋಡಿ ಬೆಳೆದ ತಲೆಮಾರಿಗೂ, ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯ ಮೂಲಕ ಅದರ ನೆರಳನ್ನಷ್ಟೇ ಕಂಡ ತಲೆಮಾರಿಗೂ ಈ ಪ್ರಕಾರವೆಂದರೆ ಮುಖ್ಯವಾಗಿ ಕೋವಿಯ ಕಾಳಗ. ಆದರೆ ಈ ಕಥೆಗಳಲ್ಲಿ ಕುದುರೆ ಏರಿದವನು ಹೊಟ್ಟೆಪಾಡಿಗಾಗಿ ಮಾಡುತ್ತಿದ್ದ ಕೆಲಸ ದನ ಕಾಯುವುದು ಮತ್ತು ದನ ಹೊಡೆದುಕೊಂಡು ಹೋಗುವುದು. ಆ ಕೆಲಸವನ್ನು ಹಿನ್ನೆಲೆಯ ಅಲಂಕಾರವಾಗಿ ಬಿಡದೆ ಚಿತ್ರದ ನಡುವೆ ತಂದು ನಿಲ್ಲಿಸಿದ, ಅದರ ದೂಳು, ದಣಿವು, ಭಯಗಳಿಂದಲೇ ಕಥೆಯನ್ನು ಕಟ್ಟಿದ ಕೃತಿಗಳಲ್ಲಿ 1948ರಲ್ಲಿ ಬಿಡುಗಡೆಯಾದ ‘ರೆಡ್ ರಿವರ್’ ಹಿರಿಯದು. ಹಳ್ಳಿಯ ತುರುಗಳನ್ನು ಕಳ್ಳರಿಂದ ಬಿಡಿಸಿ ತಂದು ಸತ್ತವನಿಗೆ ಕಲ್ಲು ನೆಟ್ಟು ಪೂಜಿಸಿದ ನಾಡಿನ ಪ್ರೇಕ್ಷಕರು ಈ ಚಿತ್ರದಲ್ಲಿ ಬೇರೆಯವರ ಕಣ್ಣಿಗೆ ಸುಲಭವಾಗಿ ಬೀಳದ ಕೆಲವು ಸಂಗತಿಗಳನ್ನು ಕಾಣಬಲ್ಲರು ಎಂಬುದೇ ಈ ಭಾಷಣದ ವಾದ.

ಮೊದಲು ಕಥೆಯ ಹಿಂದಿರುವ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಯಬೇಕು. ಸ್ಪೇನಿನವರು ಅಮೆರಿಕ ಖಂಡಕ್ಕೆ ತಂದ ದನಗಳ ಸಂತತಿ ಟೆಕ್ಸಸ್ಸಿನ ಬಯಲಿನಲ್ಲಿ ಅರೆಕಾಡಾಗಿ ಬೆಳೆದು, ಉದ್ದ ಕೊಂಬಿನ ‘ಲಾಂಗ್‌ಹಾರ್ನ್’ ಎಂಬ ತಳಿಯಾಯಿತು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳೊಡನೆ ಟೆಕ್ಸಸ್ಸೂ ದಿವಾಳಿಯಾಗಿತ್ತು. ಅಲ್ಲಿ ಲಕ್ಷಗಟ್ಟಲೆ ದನಗಳಿದ್ದರೂ ಕೊಳ್ಳುವವರಿರಲಿಲ್ಲ, ಕೊಳ್ಳುವವರಿದ್ದ ಉತ್ತರದ ನಗರಗಳಿಗೆ ಟೆಕ್ಸಸ್ಸಿನಿಂದ ರೈಲು ಇರಲಿಲ್ಲ. ಆದ್ದರಿಂದ ಸಾವಿರಾರು ದನಗಳನ್ನು ಒಂದೇ ಮಂದೆಯಾಗಿ ಕೂಡಿಸಿ, ಕುದುರೆ ಸವಾರರ ತಂಡವೊಂದು ಅವನ್ನು ತಿಂಗಳುಗಟ್ಟಲೆ ನಡೆಸಿಕೊಂಡು ಉತ್ತರದ ರೈಲು ನಿಲ್ದಾಣವನ್ನು ಮುಟ್ಟಿಸುವ ಪದ್ಧತಿ ಬೆಳೆಯಿತು. ಸ್ಕಾಟಿಷ್ ಮತ್ತು ಚೆರೋಕೀ ಮೂಲಗಳ ವ್ಯಾಪಾರಿ ಜೆಸ್ಸೀ ಚಿಜಮ್ ಎಂಬವನ ಬಂಡಿಗಳು ಓಡಾಡಿದ ಜಾಡು ಇಂಥ ದಾರಿಗಳಲ್ಲಿ ಪ್ರಸಿದ್ಧವಾದದ್ದು. 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವರ್ತಕ ಕ್ಯಾನ್ಸಸ್ಸಿನ ಆ್ಯಬಿಲೀನ್ ಎಂಬ ಸಣ್ಣ ಊರಿನಲ್ಲಿ ರೈಲು ಹಳಿಯ ಪಕ್ಕಕ್ಕೆ ದೊಡ್ಡ ದೊಡ್ಡಿಗಳನ್ನು ಕಟ್ಟಿಸಿದ ಮೇಲೆ ಆ ದಾರಿಯಲ್ಲಿ ದನಗಳ ಪ್ರವಾಹವೇ ಹರಿಯಿತು. ಚಿತ್ರವು ಈ ಘಟನೆಯನ್ನು ಎರಡು ವರ್ಷ ಹಿಂದಕ್ಕೆ ಎಳೆದು 1865ರಲ್ಲಿ ಇಡುತ್ತದೆ. ಕಥೆಗಾರನಿಗೆ ಇಷ್ಟು ಸ್ವಾತಂತ್ರ್ಯ ಸಲ್ಲುತ್ತದೆ.

ಬೋರ್ಡನ್ ಚೇಸ್ ಬರೆದು ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆಯನ್ನು ಆಧರಿಸಿ ಚೇಸ್ ಮತ್ತು ಚಾರ್ಲ್ಸ್ ಶ್ನೀ ಚಿತ್ರಕಥೆಯನ್ನು ರಚಿಸಿದರು. ಹೊವಾರ್ಡ್ ಹಾಕ್ಸ್ ಪೂರ್ಣವಾಗಿ ನಿರ್ದೇಶಿಸಿದ ಮೊದಲ ವೆಸ್ಟರ್ನ್ ಇದು. ಅದಕ್ಕೆ ಮೊದಲೇ ಅವರು ಹಾಸ್ಯ, ಅಪರಾಧ, ವಿಮಾನಯಾನ ಮುಂತಾದ ವಸ್ತುಗಳ ಮೇಲೆ ಹೆಸರಾಂತ ಚಿತ್ರಗಳನ್ನು ಮಾಡಿದ್ದರು. 1946ರಲ್ಲಿ ಅರಿಜೋನಾದ ಬಯಲಿನಲ್ಲಿ ಚಿತ್ರೀಕರಣ ನಡೆಯಿತು. ರಸೆಲ್ ಹಾರ್ಲನ್ ಅವರ ಕಪ್ಪು-ಬಿಳುಪು ಛಾಯಾಗ್ರಹಣ, ಡಿಮಿಟ್ರಿ ಟಿಯೊಮ್ಕಿನ್ ಅವರ ಸಂಗೀತ, ಕ್ರಿಶ್ಚಿಯನ್ ನೈಬಿ ಅವರ ಸಂಕಲನ ಅದಕ್ಕೆ ದೊರೆತವು. ದನಗಳ ವಿಶಾಲ ದೃಶ್ಯಗಳಲ್ಲಿ ಹಲವನ್ನು ಎರಡನೆಯ ಘಟಕ, ಅಂದರೆ ಮುಖ್ಯ ನಟರಿಲ್ಲದ ಹೊರಾಂಗಣ ಭಾಗಗಳನ್ನು ಬೇರೆಯಾಗಿ ಚಿತ್ರಿಸುವ ತಂಡ, ನೋಡಿಕೊಂಡಿತು. ಅದರ ಮುಖ್ಯಸ್ಥ ಆರ್ಥರ್ ರಾಸನ್ ಅವರ ಹೆಸರು ಸಹನಿರ್ದೇಶಕರೆಂದು ಚಿತ್ರದಲ್ಲಿಯೇ ಕಾಣಿಸುತ್ತದೆ. ಹಾಕ್ಸ್ ಅವರ ಕೀರ್ತಿಯನ್ನು ಹೇಳುವಾಗ ಮರೆಯಬಾರದ ಹೆಸರು ಅದು, ಏಕೆಂದರೆ ಮಂದೆಯ ಆ ದೃಶ್ಯಗಳನ್ನು ತೆಗೆದುಬಿಟ್ಟರೆ ಉಳಿಯುವ ಚಿತ್ರ ಬಹಳ ಚಿಕ್ಕದಾಗುತ್ತದೆ.

ಕಥೆ 1851ರಲ್ಲಿ ಮೊದಲಾಗುತ್ತದೆ. ಕ್ಯಾಲಿಫೋರ್ನಿಯಾದತ್ತ ಸಾಗುತ್ತಿರುವ ಬಂಡಿಸಾಲನ್ನು ಬಿಟ್ಟು, ತನ್ನದೇ ನೆಲವನ್ನು ಹುಡುಕಿಕೊಳ್ಳಲು ಹೊರಡುವ ಟಾಮ್ ಡನ್ಸನ್, ಅಂದರೆ ಜಾನ್ ವೇಯ್ನ್ ನಟಿಸಿದ ಪಾತ್ರ, ತನ್ನೊಡನೆ ಬರುತ್ತೇನೆಂದು ಬೇಡುವ ಪ್ರಿಯತಮೆಯನ್ನು ಹಿಂದೆಯೇ ಬಿಟ್ಟು, ತಾಯಿಯ ಕಡಗವನ್ನು ಅವಳ ಕೈಗೆ ತೊಡಿಸಿ ಹೋಗುತ್ತಾನೆ. ಕೆಲವೇ ಗಂಟೆಗಳಲ್ಲಿ ದಿಗಂತದಲ್ಲಿ ಹೊಗೆ ಏಳುತ್ತದೆ. ಬಂಡಿಸಾಲು ದಾಳಿಗೆ ತುತ್ತಾಗಿದೆ. ಆ ರಾತ್ರಿ ತಾನು ಕೊಂದ ಮೂಲನಿವಾಸಿಯೊಬ್ಬನ ಕೈಯಲ್ಲಿ ಡನ್ಸನ್ ಆ ಕಡಗವನ್ನು ಕಾಣುತ್ತಾನೆ. ಹಾಕ್ಸ್ ಇಲ್ಲಿ ಅಳು ತೋರಿಸುವುದಿಲ್ಲ, ಮಾತನ್ನೂ ಹೆಚ್ಚಿಸುವುದಿಲ್ಲ. ಮನುಷ್ಯ ಮಾಡಿದ ತಪ್ಪೊಂದು ಅವನೊಳಗೆ ಹೆಪ್ಪುಗಟ್ಟಿ ಮುಂದೆ ಹಟವಾಗಿ, ಹಟ ಕ್ರೌರ್ಯವಾಗಿ ಬೆಳೆಯುವ ಕ್ರಮವನ್ನು ಅರಿಯಬೇಕಾದರೆ ಈ ಮೌನವನ್ನು ಗಮನಿಸಿ ನೋಡಬೇಕು. ದಾಳಿಯಿಂದ ಉಳಿದು, ಬೆಪ್ಪಾಗಿ ಒಬ್ಬನೇ ಮಾತಾಡಿಕೊಳ್ಳುತ್ತ, ಒಂದು ಹಸುವನ್ನು ಹಿಡಿದುಕೊಂಡು ಬರುವ ಮ್ಯಾಥ್ಯೂ ಗಾರ್ತ್ ಎಂಬ ಹುಡುಗ ಡನ್ಸನ್ನನಿಗೆ ಸಿಗುತ್ತಾನೆ. ಹಿರಿಯನ ಬಳಿ ಒಂದು ಹೋರಿ, ಕಿರಿಯನ ಬಳಿ ಒಂದು ಹಸು. ಮುಂದಿನ ಸಾವಿರಾರು ದನಗಳ ಮೂಲ ಇದು. ಹೀಗೆ ಮೂಲದಲ್ಲಿಯೇ ಅರ್ಧ ಪಾಲು ಹುಡುಗನದಾಗಿದ್ದರೂ, ಡನ್ಸನ್ ನೆಲದ ಮೇಲೆ ಬರೆದು ತೋರಿಸುವ ಮುದ್ರೆಯಲ್ಲಿ, ಅಂದರೆ ಕಾಸಿದ ಕಬ್ಬಿಣದಿಂದ ದನದ ಮೈಮೇಲೆ ಒತ್ತುವ ಒಡೆತನದ ಗುರುತಿನಲ್ಲಿ, ನದಿಯನ್ನು ಸೂಚಿಸುವ ಎರಡು ಅಲೆಗೆರೆಗಳೂ ಡನ್ಸನ್ನನ ಹೆಸರಿನ ಮೊದಲಕ್ಷರವೂ ಮಾತ್ರ ಇರುತ್ತವೆ. ತನ್ನ ಅಕ್ಷರವೆಲ್ಲಿ ಎಂದು ಹುಡುಗ ಕೇಳಿದಾಗ, ಅದನ್ನು ಗಳಿಸಿದ ದಿನ ಸೇರಿಸುವುದಾಗಿ ಹಿರಿಯ ಹೇಳುತ್ತಾನೆ.

ಇದಾದ ಕೂಡಲೇ ಬರುವ ಪ್ರಸಂಗದಲ್ಲಿ ಚಿತ್ರದ ನೈತಿಕ ಪ್ರಶ್ನೆಯೆಲ್ಲ ಅಡಗಿದೆ. ಇಬ್ಬರು ಮೆಕ್ಸಿಕನ್ ಸವಾರರು ಬಂದು, ಈ ನೆಲ ದೂರದಲ್ಲಿರುವ ಡಾನ್ ಡಿಯೆಗೊ ಎಂಬ ಒಡೆಯನದು ಎಂದು ಸೌಜನ್ಯದಿಂದಲೇ ತಿಳಿಸುತ್ತಾರೆ. ನಾನೂರು ಮೈಲಿ ದೂರದಲ್ಲಿ ಕೂತವನಿಗೆ ಇಷ್ಟು ನೆಲವೇಕೆ, ಅವನೂ ತನಗಿಂತ ಮೊದಲಿದ್ದವರಿಂದ ಕಿತ್ತುಕೊಂಡವನೇ ಅಲ್ಲವೇ ಎಂಬುದು ಡನ್ಸನ್ನನ ಕಡೆಯ ತರ್ಕ. ಆಮೇಲೆ ಕೋವಿ ಮಾತಾಡುತ್ತದೆ. ಸವಾರರಲ್ಲಿ ಒಬ್ಬ ಸಾಯುತ್ತಾನೆ, ಇನ್ನೊಬ್ಬ ಸುದ್ದಿ ಒಯ್ಯಲು ಉಳಿಯುತ್ತಾನೆ. ಡನ್ಸನ್ ಸತ್ತವನನ್ನು ಹೂಳಿ ಬೈಬಲ್ ಓದುತ್ತಾನೆ. ಕೊಂದವನೇ ಪುರೋಹಿತನೂ ಆಗುವ ಈ ಕ್ರಿಯೆ ಚಿತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ಅದು ಗಾಂಭೀರ್ಯದಂತೆ ಕಂಡರೂ ಬರಬರುತ್ತ ಅದನ್ನು ನೋಡುವ ಸಹಚರರ ಮುಖಗಳಲ್ಲಿಯೇ ಅಸಹ್ಯ ತೋರತೊಡಗುತ್ತದೆ.

ಈ ಸ್ಥಳದಲ್ಲಿ ಕನ್ನಡದ ಪ್ರೇಕ್ಷಕರಿಗೆ ವೀರಗಲ್ಲುಗಳ ನೆನಪು ಬರುವುದು ಸಹಜ. ಹಳಗನ್ನಡದ ಶಾಸನಗಳಲ್ಲಿ ‘ತುರುಗೊಳ್’ ಎಂದು ಕರೆಯುವುದು ಶತ್ರುಗಳು ಊರಿನ ದನಗಳನ್ನು ಅಪಹರಿಸುವುದನ್ನು. ಅವರ ಬೆನ್ನಟ್ಟಿ ಹೋಗಿ, ಹೋರಾಡಿ, ತುರುಗಳನ್ನು ಹಿಂದಿರುಗಿಸಿ ಮಡಿದವನ ಹೆಸರಿನಲ್ಲಿ ಊರವರು ಕಲ್ಲು ನಿಲ್ಲಿಸುತ್ತಿದ್ದರು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗವೂ ದನಗಳೂ, ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಒಯ್ಯುವುದೂ, ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಸನ್ನಿಧಿಯಲ್ಲಿ ಕುಳಿತಿರುವುದೂ ಕೆತ್ತಲ್ಪಟ್ಟಿರುತ್ತವೆ. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಈ ವೀರರ ಲೋಕವನ್ನು ಓದುಗರಿಗೆ ತೆರೆದು ತೋರಿದ ಗ್ರಂಥಗಳಲ್ಲಿ ಮುಖ್ಯವಾದದ್ದು. ಬಿ.ಟಿ.ಎಂ. ಬಡಾವಣೆಯಿಂದ ಹೆಚ್ಚು ದೂರವಲ್ಲದ ಬೇಗೂರು, ‘ಬೆಂಗಳೂರು’ ಎಂಬ ಹೆಸರನ್ನು ಒಂಬತ್ತನೆಯ ಶತಮಾನದಷ್ಟು ಹಿಂದೆಯೇ ದಾಖಲಿಸಿದ ವೀರಗಲ್ಲಿನ ಶಾಸನಕ್ಕೆ ಪ್ರಸಿದ್ಧವಾದ ಊರು; ಅದು ತುರುಗಾಳಗದ ಕಲ್ಲಲ್ಲ, ದೊಡ್ಡ ಯುದ್ಧದ ನೆನಪು, ಆದರೂ ಸತ್ತ ಆಳಿನ ಹೆಸರನ್ನು ಕಲ್ಲಿನಲ್ಲಿ ಉಳಿಸುವ ಅದೇ ಪದ್ಧತಿಗೆ ಸೇರಿದ್ದು. ತುರುಗೊಳ್ ಕಲ್ಲುಗಳಲ್ಲಿ ಸ್ಮರಣೆ ಸಲ್ಲುವುದು ದನಗಳ ಒಡೆಯನಿಗಲ್ಲ, ದನಗಳಿಗಾಗಿ ನಿಂತವನಿಗೆ. ಎಷ್ಟೋ ಕಲ್ಲುಗಳಲ್ಲಿ ಆ ದನಗಳು ಯಾರವು ಎಂಬ ಪ್ರಶ್ನೆಗೆ ಊರಿನವು ಎಂಬುದಕ್ಕಿಂತ ಹೆಚ್ಚಿನ ಉತ್ತರವೇ ಸಿಗುವುದಿಲ್ಲ. ಈ ಅಳತೆಗೋಲನ್ನು ‘ರೆಡ್ ರಿವರ್’ ಚಿತ್ರಕ್ಕೆ ಹಿಡಿದರೆ, ಒಡೆಯನ ಮಾತನ್ನು ಕಾಯಲು ಬಂದು ಸತ್ತ ಆ ಸವಾರನೇ ಕಲ್ಲಿಗೆ ಅರ್ಹನಾದ ವೀರ, ಡನ್ಸನ್ ತುರುಗೊಂಡವರ ಪಕ್ಷದವನು. ಚಿತ್ರವು ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅದು ಡನ್ಸನ್ನನನ್ನು ನಿರಪರಾಧಿಯೆಂದೂ ತೋರಿಸುವುದಿಲ್ಲ, ಮತ್ತು ಮುಂದಿನ ಎರಡು ಗಂಟೆಗಳ ಕಥೆ ಈ ಮೊದಲ ಕೊಲೆಯ ಬಡ್ಡಿಯನ್ನು ತೀರಿಸುತ್ತ ಹೋಗುತ್ತದೆ.

ಹದಿನಾಲ್ಕು ವರ್ಷಗಳ ಕಾಲವನ್ನು ಹಾಕ್ಸ್ ಒಂದು ಭಾಷಣದಲ್ಲಿ ದಾಟಿಸುತ್ತಾರೆ: ಇಡೀ ದೇಶಕ್ಕೆ ಮಾಂಸ ಒದಗಿಸುವಷ್ಟು ದನ ಬೆಳೆಸುತ್ತೇನೆಂದು ಡನ್ಸನ್ ಹೇಳುತ್ತಿರುವಂತೆಯೇ ತೆರೆಯ ಮೇಲೆ ಮಂದೆ ಬೆಳೆಯುತ್ತ ಹೋಗುತ್ತದೆ, ಮಾತು ಮುಗಿಯುವಾಗ ಅವನ ತಲೆ ನರೆತಿದೆ. ಮೂವತ್ತೊಂಬತ್ತರ ವಯಸ್ಸಿನ ಜಾನ್ ವೇಯ್ನ್ ತನಗಿಂತ ಬಹಳ ಹಿರಿಯನಾದ, ಸೊಂಟ ಬಿಗಿದ, ನಡೆ ಭಾರವಾದ ಮುದಿ ಒಡೆಯನಾಗಿ ಬದಲಾಗುವ ರೀತಿ ಅವರ ವೃತ್ತಿಯಲ್ಲಿಯೇ ಒಂದು ತಿರುವು; ಅದುವರೆಗೆ ಅವರನ್ನು ಕೇವಲ ಸಾಹಸದ ನಾಯಕನೆಂದು ಎಣಿಸಿದವರು ನಟನೆಂದು ಒಪ್ಪಲೇಬೇಕಾಯಿತು. ಯುದ್ಧದಿಂದ ಮರಳಿದ ಮ್ಯಾಥ್ಯೂವಿನ ಪಾತ್ರದಲ್ಲಿ ಮಾಂಟ್ಗೊಮರಿ ಕ್ಲಿಫ್ಟ್ ಇದ್ದಾರೆ; ರಂಗಭೂಮಿಯಿಂದ ಬಂದ, ಕ್ಯಾಮೆರಾ ಮುಂದೆ ಅದೇ ಮೊದಲ ಸಲ ನಿಂತ ಯುವಕ. ವೇಯ್ನ್ ಅವರ ಎತ್ತರ, ಗಟ್ಟಿ ದನಿಗಳೆದುರು ಕ್ಲಿಫ್ಟ್ ದನಿ ಎತ್ತುವುದಿಲ್ಲ. ಹುಲ್ಲುಕಡ್ಡಿ ಕಚ್ಚಿಕೊಂಡು, ಮೂಗನ್ನು ಬೆರಳಿನಿಂದ ಉಜ್ಜಿಕೊಂಡು, ಮಾತಿಗೆ ಮೊದಲು ಒಂದು ಕ್ಷಣ ತಡೆದು ನೋಡುತ್ತಾರೆ, ಮತ್ತು ಆ ತಡೆಯೇ ಹಿರಿಯನಿಗೆ ಎದುರುತ್ತರವಾಗುತ್ತದೆ.

ದನಗಳನ್ನು ಹೊರಡಿಸುವ ಮೊದಲು ಮುದ್ರೆ ಹಾಕುವ ಪ್ರಸಂಗವೊಂದು ಬರುತ್ತದೆ. ಬಯಲಿನಲ್ಲಿ ಬೆರೆತುಹೋಗಿರುವ ನೆರೆಯವರ ದನಗಳ ಮೇಲೂ, ಡಿಯೆಗೊವಿನ ಗುರುತಿರುವ ದನಗಳ ಮೇಲೂ ತನ್ನ ಮುದ್ರೆಯನ್ನೇ ಒತ್ತಲು ಡನ್ಸನ್ ಆಜ್ಞೆ ಮಾಡುತ್ತಾನೆ, ಮ್ಯಾಥ್ಯೂ ಹಿಂಜರಿಯುತ್ತಾನೆ, ಕಾದ ಕಬ್ಬಿಣ ಕೊನೆಗೆ ತನ್ನ ಮೈಯೊಂದನ್ನು ಬಿಟ್ಟು ಊರಿನ ಮೈಯನ್ನೆಲ್ಲ ಸುಡುವುದೋ ಎಂಬರ್ಥದ ಮಾತು ಅವನ ಬಾಯಿಂದ ಬರುತ್ತದೆ. ತುರುಗೊಳ್ ಎಂಬುದನ್ನು ಕತ್ತಿ ಹಿಡಿದ ಕಳ್ಳರ ದಾಳಿಯಾಗಿ ಮಾತ್ರ ಬಲ್ಲವರಿಗೆ, ಹಗಲು ಹೊತ್ತಿನಲ್ಲಿ ಲೆಕ್ಕದ ಪುಸ್ತಕದೊಡನೆ ನಡೆಯುವ ಈ ಅಪಹರಣ ಹೊಸದು. ಕನ್ನಡದ ಮಕ್ಕಳು ಶಾಲೆಯಲ್ಲಿ ಕಲಿಯುವ ‘ಗೋವಿನ ಹಾಡು’ ಕಥನಗೀತದಲ್ಲಿ ಗೊಲ್ಲನು ಒಂದೊಂದು ಹಸುವನ್ನೂ ಅದರದರ ಹೆಸರು ಹಿಡಿದು ಕರೆಯುತ್ತಾನೆ. ಹೆಸರಿದ್ದ ಹಸುವಿಗೆ ಮಾತೂ ಉಂಟು, ಸತ್ಯವೂ ಉಂಟು. ಡನ್ಸನ್ನನ ಮಂದೆಯಲ್ಲಿ ದನವನ್ನು ಗುರುತಿಸುವುದು ಮುದ್ರೆ. ಇದನ್ನು ಕೇವಲ ನಿಂದೆಯಾಗಿ ಹೇಳಬೇಕಾಗಿಲ್ಲ, ಏಕೆಂದರೆ ಹಾಲು, ಉಳುಮೆ, ಗೊಬ್ಬರಗಳಿಗಾಗಿ ಸಾಕಿದ ಕೆಲವೇ ದನಗಳ ಮನೆತನಕ್ಕೂ ಮಾಂಸದ ಮಾರುಕಟ್ಟೆಗಾಗಿ ಬೆಳೆಸಿದ ಸಾವಿರಾರು ದನಗಳ ಉದ್ಯಮಕ್ಕೂ ಸಂಬಂಧಗಳು ಒಂದೇ ಆಗಿರಲಾರವು. ಆದರೆ ಆ ವ್ಯತ್ಯಾಸವನ್ನು ಅರಿತು ನೋಡಿದರೆ ಮ್ಯಾಥ್ಯೂ ದನಗಳೊಡನೆಯೂ ಆಳುಗಳೊಡನೆಯೂ ನಡೆದುಕೊಳ್ಳುವ ಮೃದುತನದ ಬೆಲೆ ತಿಳಿಯುತ್ತದೆ.

ಹೊರಡುವ ಬೆಳಗಿನ ದೃಶ್ಯವನ್ನು ಚಿತ್ರರಸಗ್ರಹಣದ ತರಗತಿಗಳಲ್ಲಿ ಇಂದಿಗೂ ತೋರಿಸುವುದುಂಟು, ಮತ್ತು ಅದು ಆ ಗೌರವಕ್ಕೆ ತಕ್ಕದ್ದು. ಸುಮಾರು ಹತ್ತು ಸಾವಿರ ದನಗಳು ಬಯಲಿನಲ್ಲಿ ನಿಂತಿವೆ. ದನ ಮಾರಲು ಮುಟ್ಟಬೇಕಾದ ಮಿಸೌರಿಯವರೆಗೆ ಸುಮಾರು ಸಾವಿರ ಮೈಲಿಯ ದಾರಿ ಮುಂದಿದೆ. ಮುಂಜಾನೆಯ ಮಬ್ಬಿನಲ್ಲಿ ಕ್ಯಾಮೆರಾ ಡನ್ಸನ್ನನಿಂದ ಹೊರಟು, ನಿಂತಲ್ಲಿಯೇ ನಿಧಾನವಾಗಿ ಸುತ್ತು ತಿರುಗುತ್ತದೆ. ಚಲನಚಿತ್ರದ ಭಾಷೆಯಲ್ಲಿ ‘ಪ್ಯಾನ್’ ಎನ್ನುವುದು ಇದನ್ನೇ. ದನಗಳು, ಅವುಗಳ ಪಕ್ಕಕ್ಕೆ ಕಾದು ನಿಂತ ಸವಾರರು, ಬಂಡಿ, ಮತ್ತೆ ದನಗಳು, ಹೀಗೆ ದೃಷ್ಟಿ ಒಂದು ಸುತ್ತು ಹೋಗಿ ಬರುವವರೆಗೆ ಯಾರೂ ಮಾತಾಡುವುದಿಲ್ಲ. ಆ ಮೇಲೆ ಡನ್ಸನ್ ಮಗನಂತಿರುವವನಿಗೆ ಶಾಂತವಾಗಿ ಅಪ್ಪಣೆ ಕೊಡುತ್ತಾನೆ; ಮ್ಯಾಥ್ಯೂ ಕೂಗು ಹಾಕುತ್ತಾನೆ; ಕೂಡಲೇ ಒಬ್ಬೊಬ್ಬ ಸವಾರನ ಮುಖವೂ ಸಮೀಪ ಚಿತ್ರಿಕೆಯಲ್ಲಿ, ಅಂದರೆ ತೆರೆಯನ್ನು ಮುಖವೊಂದೇ ತುಂಬುವಂತೆ, ಟೋಪಿ ಬೀಸಿ ಕೂಗುತ್ತ ಒಂದರ ಹಿಂದೊಂದು ಮಿಂಚಿ ಹೋಗುತ್ತದೆ. ನಿಧಾನದ ಒಂದು ದೀರ್ಘ ಚಲನೆ, ಅದರ ಬೆನ್ನಿಗೇ ಚೂರು ಚೂರಾದ ವೇಗ. ಈ ಎರಡರ ಸಂಧಿಯಲ್ಲಿ ಹುಟ್ಟುವ ಉತ್ಸಾಹವನ್ನು ಮಾತಿನಲ್ಲಿ ತರುವುದು ಕಷ್ಟ. ಸಂಕಲನ ಎಂಬ ಕಲೆ ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸರಳವಾದ ಪಾಠ ದೊರೆಯುವುದು ಅಪರೂಪ. ಈ ಚಿತ್ರ ಸಂಕಲನಕ್ಕಾಗಿಯೂ ಮೂಲಕಥೆಗಾಗಿಯೂ ಆಸ್ಕರ್ ನಾಮನಿರ್ದೇಶನ ಪಡೆದದ್ದರಲ್ಲಿ ಆಶ್ಚರ್ಯವಿಲ್ಲ.

ದಾರಿಯ ವಿವರಗಳಲ್ಲಿ ಚಿತ್ರ ಬಹಳ ಶ್ರೀಮಂತವಾಗಿದೆ. ಮಂದೆಯ ಮುಂದೆ ದಾರಿ ತೋರುವವರು, ಎರಡು ಪಕ್ಕಗಳಲ್ಲಿ ಅದು ಚೆದುರದಂತೆ ಒತ್ತಿ ಹಿಡಿಯುವವರು, ಎಲ್ಲಕ್ಕೂ ಹಿಂದೆ ದೂಳು ಕುಡಿಯುತ್ತ ಹಿಂದುಳಿದ ದನಗಳನ್ನು ಅಟ್ಟಿಕೊಂಡು ಬರುವವರು ಎಂದು ಕೆಲಸ ಹಂಚಿಕೆಯಾಗಿರುತ್ತದೆ. ಅಡುಗೆ ಬಂಡಿಯ ಒಡೆಯ, ಹಲ್ಲಿಲ್ಲದ ಗ್ರೂಟ್ ಪಾತ್ರದಲ್ಲಿ ವಾಲ್ಟರ್ ಬ್ರೆನ್ನನ್ ಕಾಣಿಸುತ್ತಾರೆ. ಡನ್ಸನ್ನನನ್ನು ಮೊದಲಿನಿಂದ ಬಲ್ಲ, ಅವನನ್ನು ಪ್ರೀತಿಸುವ, ಆದರೆ ತಪ್ಪಾದಾಗ ಮುಖಕ್ಕೆ ತಪ್ಪೆಂದು ಹೇಳಬಲ್ಲ ಮುದುಕ. ರಾತ್ರಿ ದನಗಳು ಬೆದರದಂತೆ ಅವುಗಳ ಸುತ್ತ ಸವಾರರು ಮೆಲ್ಲಗೆ ಹಾಡುತ್ತ ತಿರುಗುತ್ತಾರೆ. ಅಂಥದೊಂದು ರಾತ್ರಿ, ಸಕ್ಕರೆ ಕದ್ದು ತಿನ್ನುವ ಚಪಲದ ಆಳೊಬ್ಬ ಬಂಡಿಯ ಪಾತ್ರೆಗಳನ್ನು ಉರುಳಿಸಿ ಸದ್ದು ಮಾಡಿದ ಕ್ಷಣದಲ್ಲಿ ಮಂದೆಯೆಲ್ಲ ಒಮ್ಮೆಗೇ ಎದ್ದು ದಿಕ್ಕುಗೆಟ್ಟು ಓಡುತ್ತದೆ. ಹೆಂಡತಿಗೆ ಕೆಂಪು ಬೂಟು ಕೊಳ್ಳಬೇಕೆಂದು ಆಗತಾನೆ ಹೇಳಿಕೊಂಡಿದ್ದ ಮುಗ್ಧ ಯುವಕ ಅದರ ಕಾಲಡಿಯಲ್ಲಿ ಸಿಕ್ಕು ಸಾಯುತ್ತಾನೆ. ಓಡುವ ದನಗಳನ್ನು ಹಾಕ್ಸ್ ಮತ್ತು ರಾಸನ್ ತೋರಿಸುವ ರೀತಿಯಲ್ಲಿ ಯಾವ ದ್ವೇಷವೂ ಇಲ್ಲ. ಅದು ಭಯದ ಪ್ರವಾಹ, ಅಪರಾಧಿ ಯಾರೂ ಅಲ್ಲ, ಸಕ್ಕರೆ ಕದ್ದವನೂ ಪೂರ್ಣವಾಗಿ ಅಲ್ಲ. ಮರುದಿನ ಡನ್ಸನ್ ಅವನನ್ನು ಚಾವಟಿಯಿಂದ ಹೊಡೆಯಲು ನಿಂತಾಗ, ಅವನು ಕೋವಿಗೆ ಕೈಹಾಕಿದಾಗ, ಡನ್ಸನ್ನನ ಗುಂಡು ಅವನ ಎದೆಗೆ ಹೋಗುವ ಮೊದಲೇ ಮ್ಯಾಥ್ಯೂ ಅವನ ತೋಳಿಗೆ ಹೊಡೆದು ಬೀಳಿಸಿ ಜೀವ ಉಳಿಸುತ್ತಾನೆ. ಗಾಯ ಮಾಡುವುದರ ಮೂಲಕ ಕಾಪಾಡುವ ಈ ವಿಚಿತ್ರ ಕರುಣೆಯಲ್ಲಿ ಇಬ್ಬರ ಬೇರೆಬೇರೆ ಸ್ವಭಾವ ಸ್ಪಷ್ಟವಾಗಿ ತೋರುತ್ತದೆ.

ಹೆಸರಿನ ನದಿಯನ್ನು ದಾಟುವ ಭಾಗವೂ ಅಷ್ಟೇ ಶ್ರದ್ಧೆಯಿಂದ ಚಿತ್ರಿತವಾಗಿದೆ. ಬಂಡಿಯೊಳಗೆ ಇರಿಸಿದ ಕ್ಯಾಮೆರಾ ನೀರಿನಲ್ಲಿ ತೇಲುತ್ತ, ಮುಳುಗುತ್ತ ಸಾಗುವ ಕೊಂಬುಗಳನ್ನು ಬಂಡಿಯ ಹೊದಿಕೆಯ ಕಮಾನಿನ ಚೌಕಟ್ಟಿನಲ್ಲಿ ತೋರಿಸಿದಾಗ ನೋಡುವವರೂ ಬಂಡಿಯಲ್ಲಿಯೇ ಕುಳಿತಂತಾಗುತ್ತದೆ. ಈ ಹೊತ್ತಿಗೆ ಡನ್ಸನ್ ನಿದ್ದೆಗೆಟ್ಟಿದ್ದಾನೆ, ಕಾಲಿಗೆ ಗಾಯವಾಗಿದೆ, ಕುಡಿತ ಹೆಚ್ಚಿದೆ. ಕ್ಯಾನ್ಸಸ್ಸಿನಲ್ಲಿ ರೈಲು ಬಂದಿದೆಯೆಂಬ ಸುದ್ದಿಯನ್ನು ಅವನು ನಂಬುವುದಿಲ್ಲ. ಬಿಟ್ಟು ಓಡಿದವರನ್ನು ಹಿಡಿದು ತರಿಸಿ ನೇಣು ಹಾಕುವೆನೆನ್ನುತ್ತಾನೆ. ಅಲ್ಲಿಗೆ ಮ್ಯಾಥ್ಯೂ ಬೇಡವೆನ್ನುತ್ತಾನೆ, ಆಳುಗಳೆಲ್ಲ ಅವನ ಹಿಂದೆ ನಿಲ್ಲುತ್ತಾರೆ, ಮಂದೆ ಆ್ಯಬಿಲೀನಿನ ದಾರಿ ಹಿಡಿಯುತ್ತದೆ. ಒಂಟಿಯಾಗಿ ಉಳಿದ ಡನ್ಸನ್, ಹಿಂದೆ ತಿರುಗಿ ನೋಡಿದಾಗಲೆಲ್ಲ ತಾನು ಅಲ್ಲಿರುವೆನೆಂದೂ, ಒಂದು ದಿನ ಬಂದು ಕೊಲ್ಲುವೆನೆಂದೂ ಹೇಳುತ್ತಾನೆ. ಇಲ್ಲಿಂದ ಮುಂದೆ ವೇಯ್ನ್ ಬಹಳ ಹೊತ್ತು ತೆರೆಯ ಮೇಲೆ ಬರುವುದೇ ಇಲ್ಲ. ಆದರೆ ಮಂಜು ಕವಿದ ರಾತ್ರಿಗಳಲ್ಲಿ ಕಾವಲಿದ್ದವರು ಪ್ರತಿಯೊಂದು ಸದ್ದಿಗೂ ಬೆಚ್ಚುವುದರಲ್ಲಿ ಅವನ ಇರವು ಹೆಚ್ಚುತ್ತಲೇ ಹೋಗುತ್ತದೆ.

ಹಿರಿಯ ಮತ್ತು ಕಿರಿಯ ಹೋರಾಟಗಾರರ ನಡುವಿನ ಇಂಥ ಸಂಬಂಧವನ್ನು ಕನ್ನಡದ ಪ್ರೇಕ್ಷಕರು ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಕಂಡಿದ್ದಾರೆ. ಶಂಕರ್ ನಾಗ್ ಮೊದಲ ಬಾರಿಗೆ ನಟಿಸಿದ, ಸುಂದರಕೃಷ್ಣ ಅರಸರು ಹಿರಿಯ ಯೋಧನಾಗಿದ್ದ ಆ ಚಿತ್ರ ಜಪಾನಿನ ಅಕಿರಾ ಕುರೊಸಾವಾ ಅವರ ಸಮುರಾಯ್ ಚಿತ್ರಗಳಿಗೆ ಸಲ್ಲಿಸಿದ ಗೌರವವೆಂಬುದು ಪ್ರಸಿದ್ಧ. ಕುರೊಸಾವಾ ಅವರಿಗೆ ಅಮೆರಿಕದ ವೆಸ್ಟರ್ನ್ ಚಿತ್ರಗಳ ಮೇಲೆ, ವಿಶೇಷವಾಗಿ ನಿರ್ದೇಶಕ ಜಾನ್ ಫೋರ್ಡ್ ಅವರ ಮೇಲೆ, ಅಭಿಮಾನವಿತ್ತು. ಹೀಗೆ ಅಮೆರಿಕದಿಂದ ಜಪಾನಿಗೆ, ಜಪಾನಿನಿಂದ ಕರ್ನಾಟಕಕ್ಕೆ ಬಂದ ರೂಪವೊಂದು ವೀರಗಲ್ಲುಗಳ ನಾಡಿನಲ್ಲಿ ಪರಕೀಯವೆನ್ನಿಸದೆ ಬೇರೂರಿತು. ಕಾರ್ನಾಡರ ಕಥೆಯಲ್ಲಿ ಇಬ್ಬರು ಯೋಧರು ಕೊನೆಗೆ ಒಂದಾಗುವುದು ತಮ್ಮನ್ನು ಬಳಸಿಕೊಂಡ ಒಡೆಯರ ವಿರುದ್ಧ. ಹಾಕ್ಸ್ ಅವರಲ್ಲಿ ಹಿರಿಯನೇ ಒಡೆಯನೂ ಆಗಿರುವುದರಿಂದ ಗಂಟು ಇನ್ನಷ್ಟು ಬಿಗಿಯಾಗಿದೆ.

ಮಂದೆ ರೈಲು ಹಳಿಯನ್ನು ದಾಟುವಾಗ ಚಾಲಕ ಸಂತೋಷದಿಂದ ರೈಲನ್ನೇ ನಿಲ್ಲಿಸುತ್ತಾನೆ. ಆ್ಯಬಿಲೀನಿನ ಬೀದಿ ದನಗಳಿಂದ ತುಂಬಿ ತುಳುಕುತ್ತದೆ. ಒಳ್ಳೆಯ ಬೆಲೆ ಸಿಗುತ್ತದೆ. ಮರುದಿನ ಡನ್ಸನ್ ಬರುತ್ತಾನೆ. ಕುದುರೆಯಿಂದಿಳಿದು, ದನಗಳ ನಡುವೆ ನೇರವಾಗಿ, ದಾರಿ ಬಿಡಿರೆಂದು ಹೇಳದೆ ನಡೆದುಬರುವ ಅವನೊಡನೆ ಕ್ಯಾಮೆರಾ ಕೂಡ ಚಲಿಸುತ್ತದೆ. ದನಗಳೇ ಅತ್ತಿತ್ತ ಸರಿಯುತ್ತವೆ. ಪಕ್ಕದಿಂದ ಕೂಗಿ ತಡೆದ ಚೆರಿ ವ್ಯಾಲೆನ್ಸ್ ಎಂಬ ಕೋವಿಗಾರನಿಗೆ ತಿರುಗಿ ಹೊಡೆದು, ತಾನೂ ಗಾಯಗೊಂಡು, ಹೆಜ್ಜೆ ಮುರಿಯದೆ ಮುಂದುವರಿಯುತ್ತಾನೆ. ವೆಸ್ಟರ್ನ್ ಚಿತ್ರಗಳಲ್ಲಿ ಮನುಷ್ಯನ ನಡಿಗೆಯೊಂದನ್ನು ಇಷ್ಟು ಭೀಕರವಾಗಿ ತೋರಿಸಿದ ಇನ್ನೊಂದು ದೃಶ್ಯ ಸುಲಭವಾಗಿ ನೆನಪಿಗೆ ಬರುವುದಿಲ್ಲ. ಮ್ಯಾಥ್ಯೂ ಕೋವಿ ತೆಗೆಯುವುದಿಲ್ಲ. ಸುತ್ತಮುತ್ತ ಗುಂಡುಗಳು ಬಿದ್ದರೂ, ಒಂದು ಕೆನ್ನೆಯನ್ನು ಸವರಿ ಹೋದರೂ ಸುಮ್ಮನೆ ನಿಲ್ಲುತ್ತಾನೆ. ಆಮೇಲೆ ಮುಷ್ಟಿಕಾಳಗ, ಅದನ್ನು ಟೆಸ್ ಮಿಲೇ ಎಂಬ ಯುವತಿ, ಜೊಯಾನ್ ಡ್ರೂ ನಟಿಸಿದ ಪಾತ್ರ, ಕೋವಿ ಹಾರಿಸಿ ನಿಲ್ಲಿಸಿ, ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಹೀಗೆ ಹೊಡೆದಾಡುವ ಮೂರ್ಖತನಕ್ಕಾಗಿ ಬಯ್ಯುತ್ತಾಳೆ. ರಾಜಿಯಾಗುತ್ತದೆ, ಡನ್ಸನ್ ಮಣ್ಣಿನಲ್ಲಿ ಹೊಸ ಮುದ್ರೆ ಬರೆದು ಕಿರಿಯನ ಅಕ್ಷರವನ್ನು ಸೇರಿಸುತ್ತಾನೆ.

ಈ ಮುಕ್ತಾಯ ಬಹಳ ವಿಮರ್ಶಕರಿಗೆ ಒಪ್ಪಿಗೆಯಾಗಿಲ್ಲ, ಮತ್ತು ಅವರ ಆಕ್ಷೇಪಣೆ ನ್ಯಾಯವಾದದ್ದು. ಚೇಸ್ ಅವರ ಮೂಲ ಕಥೆಯಲ್ಲಿ ಗಾಯಗೊಂಡ ಡನ್ಸನ್ ಟೆಕ್ಸಸ್ಸಿನ ಮಣ್ಣಿಗೆ ಮರಳಿ ಸಾಯುತ್ತಾನೆ. ದುರಂತಕ್ಕೆ ಬೇಕಾದ ಭಾರವೆಲ್ಲ ಎರಡು ಗಂಟೆಗಳಿಂದ ಕೂಡಿಬಂದಿರುವಾಗ ಅದನ್ನು ಯುವತಿಯೊಬ್ಬಳ ಗದರಿಕೆಯಿಂದ ಇಳಿಸಿಬಿಡುವುದು ದುರ್ಬಲ. ಆದರೂ ಹಾಕ್ಸ್ ಅವರ ಪಕ್ಷದಲ್ಲಿ ಒಂದು ಮಾತು ಹೇಳಬಹುದು: ಕೋವಿ ತೆಗೆಯದೆ ನಿಂತ ಮ್ಯಾಥ್ಯೂವಿನ ಧೈರ್ಯ ಅಲ್ಲಿಯವರೆಗಿನ ಎಲ್ಲ ವೀರತನಕ್ಕಿಂತ ಬೇರೆ ಬಗೆಯದು, ಮತ್ತು ಅದರೆದುರು ಕೊಲೆ ನಡೆಯುವುದು ಅಸಾಧ್ಯವಾಗುವುದು ಅಸಹಜವೇನಲ್ಲ. ದೋಷವಿರುವುದು ರಾಜಿಯಲ್ಲಿ ಅಲ್ಲ, ಅದರ ಅವಸರದಲ್ಲಿ. ಇದಕ್ಕಿಂತ ಗಂಭೀರವಾದ ಕೊರತೆ ಬೇರೆ ಇದೆ. ನಿಜವಾದ ದನಗಾಹಿಗಳಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರೂ ಮೆಕ್ಸಿಕನ್ನರೂ ಗಣನೀಯ ಸಂಖ್ಯೆಯಲ್ಲಿದ್ದರು. ಚಿತ್ರದ ತಂಡ ಬಹುತೇಕ ಬಿಳಿಯರದು. ಮೂಲನಿವಾಸಿಗಳು ಕತ್ತಲಿನಿಂದ ಬರುವ ಬಾಣಗಳು ಮಾತ್ರ. ಅಪವಾದವೆಂದರೆ ಗ್ರೂಟನೊಡನೆ ಜೂಜಾಡಿ ಅವನ ಕಟ್ಟುಹಲ್ಲನ್ನು ಗೆದ್ದುಕೊಳ್ಳುವ ಕ್ವೋ ಎಂಬವನು, ಅವನೂ ನಗೆಯ ಪಾತ್ರವೇ. ಡಿಯೆಗೊವಿನ ಆಳನ್ನು ಕೊಂದ ಸಂಗತಿಯನ್ನು ಕೊನೆಯಲ್ಲಿ ಯಾರೂ ಎತ್ತುವುದಿಲ್ಲ. ಹೊಸ ಮುದ್ರೆಯಲ್ಲಿ ಮ್ಯಾಥ್ಯೂವಿನ ಪಾಲು ದಾಖಲಾಯಿತು, ನೆಲದ ಲೆಕ್ಕ ಹಾಗೆಯೇ ಉಳಿಯಿತು.

ನೆಲದ ಲೆಕ್ಕದ ಈ ಪ್ರಶ್ನೆ ದಕ್ಷಿಣ ಬೆಂಗಳೂರಿನ ಕೇಳುಗರಿಗೆ ದೂರದ್ದಲ್ಲ. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯಾಗಿ ಬೆಳೆದು, ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆದ ರಾಜ್ಯದ ದನಗಳ ಇಲಾಖೆಗೆ ನಾಡಿನಾದ್ಯಂತ ಕಾವಲುಗಳಿದ್ದವು. ಕಾವಲು ಎಂದರೆ ಉಳುಮೆಗೆ ಬಿಡದೆ ಮೇವಿಗಾಗಿ ಕಾಯ್ದಿಟ್ಟ ಹುಲ್ಲುಗಾವಲು. ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು ಎಂದು ಅವನ್ನು ವಿಂಗಡಿಸಿ, ಋತುವಿಗೆ ತಕ್ಕಂತೆ ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ನಡೆಸಿಕೊಂಡು ಹೋಗುತ್ತಿದ್ದರು. ಮಾಂಸದ ಪೇಟೆಗೆ ಹೋಗಿ ಮುಗಿಯುವ ಟೆಕ್ಸಸ್ಸಿನ ಪಯಣಕ್ಕೂ, ಮತ್ತೆ ಮತ್ತೆ ಹುಲ್ಲಿಗೆ ಮರಳುವ ಈ ಸುತ್ತಿಗೂ ಇರುವ ಅಂತರ ದೊಡ್ಡದು. ಸೈನ್ಯದ ಸಾಮಾನು ಮತ್ತು ಫಿರಂಗಿ ಎಳೆಯಲು ಬೆಳೆಸಿದ ಈ ಎತ್ತುಗಳ ವೇಗವನ್ನು ಬ್ರಿಟಿಷ್ ಸೇನಾಧಿಕಾರಿಗಳೂ ಹೊಗಳಿದ್ದರು, ಮತ್ತು 1799ರ ನಂತರ ಹಿಂಡುಗಳನ್ನು ತಮ್ಮ ವಶಕ್ಕೆ ಪಡೆದರು. ಚಳ್ಳಕೆರೆ ಸೀಮೆಯಲ್ಲಿ ದೇವರ ಎತ್ತುಗಳನ್ನು ಮೇಯಿಸುತ್ತ ಊರಿಂದೂರಿಗೆ ಸಾಗುವ ‘ಕಿಲಾರಿ’ಗಳು, ಅಂದರೆ ಅದಕ್ಕೆಂದೇ ನೇಮಕಗೊಂಡ ದನಗಾಹಿಗಳು, ಇಂದಿಗೂ ಇದ್ದಾರೆ, ಅದೇ ಸೀಮೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆಗಳನ್ನು ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹಂಚಿದಾಗ, ಮೇವಿನ ಹಕ್ಕಿನ ಪ್ರಶ್ನೆ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ ತುರಹಳ್ಳಿಯ ಗುಡ್ಡದ ಆಚೆಯಿರುವ ಬಿ.ಎಂ. ಕಾವಲ್ ತನ್ನ ಹೆಸರಿನಲ್ಲಿಯೇ ಈ ಚರಿತ್ರೆಯನ್ನು ಇರಿಸಿಕೊಂಡಿದೆ. ‘ರೆಡ್ ರಿವರ್’ ಬಿಡುಗಡೆಯಾದ 1948ರಲ್ಲಿಯೇ ಜಯನಗರಕ್ಕೆ ಅಡಿಗಲ್ಲು ಬಿತ್ತು. ಮುಂದಿನ ದಶಕಗಳಲ್ಲಿ ಭೈರಸಂದ್ರ, ಯಡಿಯೂರು, ಸಾರಕ್ಕಿ, ಕತ್ತರಿಗುಪ್ಪೆ, ತಾವರೆಕೆರೆ ಮುಂತಾದ ಹಳ್ಳಿಗಳ ಹೊಲ, ಕೆರೆಯಂಗಳ, ಗೋಮಾಳಗಳ ಸುತ್ತ ಬಡಾವಣೆಗಳು ಹರಡಿದವು. ಗೋಮಾಳವೆಂದರೆ ಊರಿನ ದನಗಳೆಲ್ಲ ಮೇಯಲೆಂದು ಮೀಸಲಿಟ್ಟ ಸರ್ಕಾರಿ ನೆಲ. ನೂರು ದನಗಳಿಗೆ ಮೂವತ್ತು ಎಕರೆ ಎಂಬ ಲೆಕ್ಕ ಭೂಕಂದಾಯದ ನಿಯಮಗಳಲ್ಲಿ ಈಗಲೂ ಇದೆ. ಅಮೆರಿಕದಲ್ಲಿ 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಹಕ್ಕುಪತ್ರ ಪಡೆದ ಮೇಲೆ ತೆರೆದ ಬಯಲು ಬೇಲಿಗಳಲ್ಲಿ ತುಂಡಾಗಿ, ಇನ್ನೊಂದು ಹದಿನೈದು ವರ್ಷಗಳೊಳಗೆ ದನಗಳ ದೀರ್ಘ ಪಯಣವೇ ನಿಂತುಹೋಯಿತು. ಇಲ್ಲಿ ಅದೇ ಕೆಲಸವನ್ನು ನಿವೇಶನದ ಕಲ್ಲು ಮಾಡಿತು. ಡನ್ಸನ್ ಮತ್ತು ಡಿಯೆಗೊವಿನ ಆಳಿನ ಮಾತುಕತೆಯನ್ನು ಬಡಾವಣೆಯ ನಿವಾಸಿಗಳು ಆಸಕ್ತಿಯಿಂದ ಕೇಳಬೇಕಾದ ಕಾರಣ ಇದು: ಮೊದಲು ಈ ಹುಲ್ಲು ಯಾರದಾಗಿತ್ತು ಎಂಬ ಪ್ರಶ್ನೆ ಅಲ್ಲಿ ಎರಡು ನಿಮಿಷ ಕೇಳಿಬರುತ್ತದೆ, ಮತ್ತು ಉತ್ತರಿಸಲು ಬಂದವನು ಬದುಕುವುದಿಲ್ಲ.

ಚಿತ್ರವನ್ನು ನೋಡಬಯಸುವವರು ತಿಳಿದಿರಬೇಕಾದ ಸಂಗತಿಯೊಂದಿದೆ. ಅದರ ಎರಡು ಪಾಠಗಳು ಪ್ರಚಾರದಲ್ಲಿವೆ. ಒಂದರಲ್ಲಿ ಪ್ರಸಂಗಗಳ ನಡುವೆ ಕೈಬರಹದ ದಿನಚರಿಯ ಪುಟಗಳು ತೆರೆಯ ಮೇಲೆ ಬಂದು ಕಥೆಯನ್ನು ಜೋಡಿಸುತ್ತವೆ, ಅದರ ಅವಧಿ 133 ನಿಮಿಷ. ಇನ್ನೊಂದರಲ್ಲಿ ಪುಟಗಳ ಬದಲು ವಾಲ್ಟರ್ ಬ್ರೆನ್ನನ್ ಅವರ ದನಿ ಗ್ರೂಟನಾಗಿ ನಿರೂಪಿಸುತ್ತದೆ, ಅದು 127 ನಿಮಿಷದ್ದು ಮತ್ತು ಕೊನೆಯ ಮುಖಾಮುಖಿಯಲ್ಲಿ ತುಸು ಮೊಟಕಾದದ್ದು. ಹೊವಾರ್ಡ್ ಹ್ಯೂಸ್ ಎಂಬ ನಿರ್ಮಾಪಕರು ಆ ಮುಖಾಮುಖಿ ತಮ್ಮ ‘ದಿ ಔಟ್‌ಲಾ’ ಚಿತ್ರವನ್ನು ಹೋಲುತ್ತದೆಂದು ತಕರಾರು ಎತ್ತಿದ್ದು ಬಿಡುಗಡೆ ತಡವಾದದ್ದಕ್ಕೆ ಒಂದು ಕಾರಣ. ದಿನಚರಿಯ ಪುಟಗಳು ಓದಲು ತಡೆದು ಚಲನೆಯನ್ನು ಮುರಿಯುತ್ತವೆ. ದನಿಯ ಪಾಠದಲ್ಲಿ ಒಡೆಯನೂ ಅಲ್ಲದ, ಎದುರಾಳಿಯೂ ಅಲ್ಲದ, ಅಡುಗೆ ಬಂಡಿಯಲ್ಲಿ ಕುಳಿತು ಎಲ್ಲವನ್ನೂ ಕಂಡ ಮುದುಕನೊಬ್ಬ ಕಥೆ ಹೇಳುತ್ತಾನೆ. ಆದರೆ ಆ ನಡಿಗೆಯ, ಆ ಗುಂಡುಗಳ, ಕದಲದೆ ನಿಂತ ಮ್ಯಾಥ್ಯೂವಿನ ಪೂರ್ಣ ಅಳತೆ ದೊಡ್ಡ ಪಾಠದಲ್ಲಿಯೇ ಸಿಗುತ್ತದೆ. 1971ರಿಂದ ಕೆಲಸ ಮಾಡುತ್ತ ಬಂದು ಬನಶಂಕರಿ ಎರಡನೆಯ ಹಂತದಲ್ಲಿ ನೆಲೆ ಮಾಡಿಕೊಂಡಿರುವ ಸುಚಿತ್ರ ಫಿಲ್ಮ್ ಸೊಸೈಟಿಯಂಥ ಚಿತ್ರಸಮಾಜಗಳು ಹಳೆಯ ಚಿತ್ರಗಳನ್ನು ಗುಂಪಾಗಿ ನೋಡಿ ಚರ್ಚಿಸುವ ಅಭ್ಯಾಸವನ್ನು ಈ ಭಾಗದಲ್ಲಿ ಬೆಳೆಸಿವೆ. ಅಂಥ ಕಡೆ ಎರಡು ಪಾಠಗಳನ್ನೂ ಅಕ್ಕಪಕ್ಕದಲ್ಲಿಟ್ಟು ಕೊನೆಯ ಹದಿನೈದು ನಿಮಿಷಗಳನ್ನು ಮಾತ್ರ ಹೋಲಿಸಿ ನೋಡಿದರೂ ಸಂಕಲನಕಾರನ ಕತ್ತರಿ ಒಂದು ಪಾತ್ರದ ಧೈರ್ಯವನ್ನು ಎಷ್ಟು ಹಿಗ್ಗಿಸಬಲ್ಲದು, ಎಷ್ಟು ಕುಗ್ಗಿಸಬಲ್ಲದು ಎಂಬುದು ಕಣ್ಣಿಗೆ ಕಾಣುತ್ತದೆ.